ಪಟಮಟದ ಮಹಡಿ ಹತ್ತದ ಮಾಮನಿಗೆ

ಶ್ರೀಮದ್ ಬಂಗಾಳಕೊಲ್ಲಿ ಕುಲತಿಲಕ, ಕ್ಯಾಂಟೀನ್ ಕೋಟಾ ಧುರಂಧರ, ಗಾಜುವಾಕ ವೈನ್‌ಶಾಪ್ ವಲ್ಲಭ, ನಿವೃತ್ತ ನೌಕಾವೀರ, ಮೂರು ಸಲ ಕುಡಿತ ಬಿಟ್ಟು ನಾಲ್ಕು ಸಲ ಹಿಡಿದ ಮಹಾಪರಾಕ್ರಮಿ, ಸದ್ಯ ಸ್ವರ್ಗಸ್ಥ ಎಂದು ಬಂಧುಬಳಗ ನಂಬಿರುವ, ಆದರೆ ಅಲ್ಲಿಯ ಕಾವಲುಗಾರನಿಗೆ ಏನೋ ಜೋಕು ಹೇಳಿ ಒಳಗೆ ನುಸುಳಿರಬಹುದಾದ ಶ್ರೀ ಶ್ರೀ ಶ್ರೀ ವಸಂತ ಮಾಮನವರ ದಿವ್ಯ ಪಾದಾರವಿಂದಗಳಿಗೆ, ತಮ್ಮ ಏಕಮಾತ್ರ ಸೋದರಳಿಯ ಮಂಜುನಾಥನು ಸಾಷ್ಟಾಂಗ ಹಾಕಿ, ಹಾಕಿದವನು ಏಳದೆ ಅಲ್ಲಿಯೇ ಮಲಗಿಕೊಂಡು ಬಿನ್ನವಿಸಿಕೊಳ್ಳುವುದೇನೆಂದರೆ:

ನಿನ್ನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿದೆ.

ಬಿರುದಾವಳಿ ಇಷ್ಟೇನಾ ಎಂದು ಕೇಳಬೇಡ. ನೀನು ಇದ್ದಾಗ ದಿನಕ್ಕೊಂದು ಕಟ್ಟುತ್ತಿದ್ದೆ. ನೀನು ಮೀಸೆ ತಿರುವಿ, ಕುರ್ಚಿಯನ್ನು ಸಿಂಹಾಸನ ಮಾಡಿಕೊಂಡು, "ಮುಂದುವರಿಯಲಿ" ಎನ್ನುತ್ತಿದ್ದೆ. ಈಗ ಕೇಳುವವರಿಲ್ಲದೆ ನನ್ನ ವಿದ್ಯೆ ತುಕ್ಕು ಹಿಡಿದಿದೆ. ಅದಕ್ಕೂ ಸಿಟ್ಟಿದೆ. ಆದರೆ ಅದು ಸಣ್ಣ ಸಿಟ್ಟು. ದೊಡ್ಡದು ಹೋದ ರವಿವಾರ ವಿಜಯವಾಡದಲ್ಲಿ ಹುಟ್ಟಿತು. ಅದರ ಜನ್ಮವೃತ್ತಾಂತವನ್ನು ಹೇಳುತ್ತೇನೆ, ಕೇಳು. ನಡುವೆ ಜೋಕು ಹೇಳಬೇಡ.

ನಾನು ಔಷಧಿ ಕಂಪನಿಯ ಕೆಲಸ ಸಿಕ್ಕು ವಿಶಾಖಪಟ್ಟಣಕ್ಕೆ ಬಂದ ವಾರ ನೆನಪಿದೆಯಲ್ಲ? ಗಾಜುವಾಕದ ನಿನ್ನ ಮನೆಯ ತಾರಸಿ. ನೀನು ಲುಂಗಿಯ ಮೇಲೆ ನೌಕಾಪಡೆಯ ಬಿಳಿ ಟೊಪ್ಪಿಗೆ ಹಾಕಿಕೊಂಡು, ಬಾಯಲ್ಲೇ ಸೀಟಿ ಊದಿ, ನನ್ನನ್ನು ಅಟೆನ್ಶನ್ನಿನಲ್ಲಿ ನಿಲ್ಲಿಸಿದೆ. ಸ್ಟೀಲ್ ಲೋಟದಲ್ಲಿ ರಮ್, ನಿವೃತ್ತರಿಗೆ ತಿಂಗಳ ಕೋಟಾದಲ್ಲಿ ಸಿಗುವ ಮಿಲಿಟರಿ ಕ್ಯಾಂಟೀನಿನದು. "ಅಳಿಯಾ, ಇವತ್ತಿನಿಂದ ನೀ ಹಡಗ ಹತ್ತಿದಿ. ಮುಳುಗಿದ್ರ ಇಬ್ರೂ ಕೂಡೇ ಮುಳುಗೂಣು." ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಲೇ ಕುಡಿದೆ. ಮೊದಲ ಗುಟುಕಿಗೆ ಮುಖ ಕಿವುಚಿದಾಗ ನೀನು ಸೆಲ್ಯೂಟ್ ಹೊಡೆದೆ. ಆವತ್ತು ನಿನಗೆ ಆಗಲೇ ಒಮ್ಮೆ ಕಾಮಾಲೆ ಬಂದು ಹೋಗಿತ್ತು. ನೀನು ಒಂದು ಸಲ ಬಿಟ್ಟು ಮತ್ತೆ ಹಿಡಿದಿದ್ದೆ. ಎಲ್ಲ ಗೊತ್ತಿತ್ತು ನಿನಗೆ. ಗೊತ್ತಿದ್ದೂ ಇಪ್ಪತ್ತೆರಡರ ಹುಡುಗನಿಗೆ ಟೊಪ್ಪಿಗೆ ಹಾಕಿಕೊಂಡು ಲೋಟ ಕೊಡುತ್ತಾರೇನು ಯಾರಾದರೂ?

ಅವ್ವ ಗದಗಿನಿಂದ ವಿಡಿಯೋ ಕಾಲ್ ಮಾಡಿದಾಗಲೆಲ್ಲ ನೀನು ಆಡುತ್ತಿದ್ದ ಆಟ ಇತ್ತಲ್ಲ! ಲೋಟವನ್ನು ನನ್ನ ಕೈಗೆ ದಾಟಿಸಿ, ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು, ಭಸ್ಮ ಹಚ್ಚಿದವನ ಮುಖ ಮಾಡಿ ಕೂಡುತ್ತಿದ್ದೆ.

"ವಸಂತಾ, ಕುಡದೀ ಏನೋ?"

"ಅಕ್ಕಾ, ಕುಡದಿದ್ರ ನನ್ನ ಕಣ್ಣು ಇಷ್ಟು ಚಂದ ಕಾಣ್ತಿದ್ವೇನು?"

"ಕೆಂಪಗ ಕಾಣ್ತಾವಲ್ಲೋ."

"ಸಮುದ್ರದ ಉಪ್ಪು ಗಾಳಿ ಅಕ್ಕಾ. ಇಡೀ ನೌಕಾಪಡೆದ್ದು ಕೆಂಪಗೇ ಇರ್ತಾವು."

ಅವ್ವ ನಗುತ್ತಿದ್ದಳು. ನಕ್ಕ ಮೇಲೆ ಮುಂದೆ ಕೇಳುತ್ತಿರಲಿಲ್ಲ. ನಗಿಸುವುದು ಒಂದು ವಿದ್ಯೆ ಎಂದು ನೀನು ನನಗೆ ಹೇಳಿಕೊಟ್ಟೆ. ನಗುವವರು ಪ್ರಶ್ನೆ ಕೇಳುವುದಿಲ್ಲ ಎಂಬುದೇ ಆ ವಿದ್ಯೆಯ ಉಪಯೋಗ ಎಂದು ಮಾತ್ರ ಹೇಳಿಕೊಡಲಿಲ್ಲ. ಅದನ್ನು ನಾನೇ ಕಲಿತೆ. ನಿನಗಿಂತ ಚೆನ್ನಾಗಿ ಕಲಿತೆ.

ನೀನು ಹೋದ ದಿನ ದಹನ ಮುಗಿಸಿ ಬಂದವರೆಲ್ಲ ತಾರಸಿಯ ಕೆಳಗೆ ಕೂತಿದ್ದಾಗ ದೇಶಪಾಂಡೆ ಸರ್ ಎದ್ದು ನಿಂತು ಮಾತಾಡಿದರು. ಅದೇ, ನಮ್ಮ ಕನ್ನಡ ಬಳಗದ ಕಾರ್ಯದರ್ಶಿ, ಹಡಗಿನಲ್ಲಿ ನಿನಗಿಂತ ಹಿರಿಯ, ನಿನ್ನ ನಾಮಕರಣದ ಪ್ರಕಾರ "ಬಾರ್ಲಿ ನೀರು". ಬಳಗದ ಯಾವ ಊಟಕ್ಕೆ ಹೋದರೂ ಮನೆಯಿಂದ ಬಾಟಲಿಯಲ್ಲಿ ಬಾರ್ಲಿ ನೀರು ತಂದು ಅದನ್ನೇ ಕುಡಿಯುತ್ತ, ಮಿಕ್ಕವರನ್ನು ದುರುಗುಟ್ಟಿ ನೋಡುವ ಮಹಾಪುರುಷ. ಆವತ್ತು ಅವರು "ವಸಂತನಲ್ಲಿ ಎಲ್ಲ ಇತ್ತು, ಶಿಸ್ತು ಒಂದಿರಲಿಲ್ಲ" ಎಂದರು. ಅವ್ವನ ಎದುರಿಗೇ ಅಂದರು ಮಾಮಾ. ನನಗೆ ಅವರ ಬಾಟಲಿ ಕಿತ್ತುಕೊಂಡು ಅವರ ತಲೆಯ ಮೇಲೇ ಸುರಿಯುವಷ್ಟು ಸಿಟ್ಟು ಬಂದಿತ್ತು. ಸುರಿಯಲಿಲ್ಲ. ಮಹಡಿ ಹತ್ತಿ ನಿನ್ನ ಲೋಟ ಹುಡುಕಿದೆ.

ಅಲ್ಲಿಂದ ಶುರು. ಮೊದಮೊದಲು ನಿನ್ನ ಹೆಸರಿನಲ್ಲಿ ಕುಡಿದೆ, ಶೋಕಾಚರಣೆ ಎಂದು. ಶೋಕ ತೀರಿತು, ಆಚರಣೆ ಉಳಿಯಿತು. ನಿನ್ನ ಕುರ್ಚಿ, ನಿನ್ನ ತಾರಸಿ, ನೀನು ಕುಡಿಯುತ್ತಿದ್ದ ಸಂಜೆಯ ಹೊತ್ತು, ಎಲ್ಲ ನನ್ನ ಪಾಲಿಗೆ ಬಂದವು. ಸಂಜೆಯದು ಮಧ್ಯಾಹ್ನಕ್ಕೆ ಬಂತು. ಆಮೇಲೆ ಬೆಳಿಗ್ಗೆ ಕೈ ನಡುಗುವುದಕ್ಕೆ…

ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಡಾಕ್ಟರಮ್ಮ ನನ್ನ ರಕ್ತದ ವರದಿ ನೋಡಿದರು, ನನ್ನನ್ನು ನೋಡಿದರು, ಮತ್ತೆ ವರದಿ ನೋಡಿದರು. ವಯಸ್ಸೆಷ್ಟು ಎಂದು ತೆಲುಗಿನಲ್ಲಿ ಕೇಳಿದರು. ಇಪ್ಪತ್ತಾರು ಎಂದೆ. "ನಿಮಗೆ ಇಪ್ಪತ್ತಾರು. ನಿಮ್ಮ ಲಿವರಿಗೆ ಐವತ್ತು" ಎಂದರು. "ಹಿರಿಯರನ್ನು ಗೌರವದಿಂದ ನೋಡಿಕೊಳ್ಳುತ್ತೇನೆ ಮೇಡಂ" ಎಂದೆ. ಮಾಮಾ, ಆಕೆ ನಗಲಿಲ್ಲ. ಅರ್ಧ ತುಟಿಯೂ ಅಲುಗಲಿಲ್ಲ. ಜೋಕು ಗಾಳಿಯಲ್ಲಿ ನೇತಾಡುತ್ತ ಉಳಿಯಿತು. ಒಂದು ಫೋನ್ ನಂಬರ್ ಬರೆದುಕೊಟ್ಟು, ಕುಡಿತ ಬಿಡುವವರ ಸಭೆ ನಡೆಯುತ್ತದೆ, ಹೋಗಿ, ಮುಂದಿನ ತಪಾಸಣೆಯಲ್ಲೂ ಹೀಗೇ ಇದ್ದರೆ ನಾನು ಕಂಪನಿಗೆ ಬರೆಯಲೇಬೇಕಾಗುತ್ತದೆ ಎಂದರು. ಆಮೇಲೆ ಸ್ವಲ್ಪ ತಡೆದು, ಕಂಪನಿಯ ಮಾತು ಬಿಡಿ, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಅವ್ವ ಎಂದೆ. ಅವ್ವನಿಗೆ ಇದ್ದವನು ಒಬ್ಬನೇ ತಮ್ಮ, ಇರುವವನು ಒಬ್ಬನೇ ಮಗ ಎಂದು ಹೇಳಲಿಕ್ಕೆ ಹೋಗಿ, ನಂಬರಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಅವ್ವನಿಗೆ ನನ್ನ ವಿಷಯ ಇವತ್ತಿಗೂ ಗೊತ್ತಿಲ್ಲ. ಉಪ್ಪು ಗಾಳಿಯ ಮೇಲೇ ನಡೆಯುತ್ತಿದೆ ನನ್ನ ಸಂಸಾರ.

ಆ ನಂಬರಿಗೆ ಫೋನ್ ಮಾಡಿದಾಗ ಒಬ್ಬ ಗಂಡಸು ಬಹಳ ಮೆತ್ತಗೆ ಮಾತಾಡಿದ. ಗಾಜುವಾಕದಲ್ಲೇ ಸಭೆ ಇದೆ, ನಿಮ್ಮ ಮನೆಯಿಂದ ನಡೆದು ಹೋಗಬಹುದು ಎಂದ. ಇನ್ನೂ ದೂರದ್ದು ಯಾವುದಾದರೂ ಇದೆಯೇ ಎಂದು ಕೇಳಿದೆ. ದೂರ ಅಂದರೆ? ಎಂದ. ಬಹಳ ದೂರ ಎಂದೆ. ವಿಜಯವಾಡ ಎಂದ. ಅದೇ ಇರಲಿ ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಹಾಗೆ ಬಹಳ ಜನ ಬರುತ್ತಾರೆ ಎಂದ. ನೀನೇ ಹೇಳು, ಗಾಜುವಾಕದಲ್ಲಿ ಹೋಗಲಿಕ್ಕೆ ಆಗುತ್ತದೆಯೇ? ಡಾಕ್‌ಯಾರ್ಡಿನ ಕಾರವಾರದವರು, ಕ್ವಾರ್ಟರ್ಸಿನ ವಿಜಾಪುರದವರು, ಆಸ್ಪತ್ರೆಯ ದಾವಣಗೆರೆ ಹುಡುಗಿಯರು, ಎಲ್ಲ ಬಳಗದವರೇ. ನಾನು ಗಾಜುವಾಕದಲ್ಲಿ ಸೀನಿದರೆ ಗದಗಿನಿಂದ ಅವ್ವ "ನೆಗಡಿ ಏನೋ?" ಎಂದು ಕೇಳುತ್ತಾಳೆ.

ಅವ್ವನಿಗೆ ವಿಜಯವಾಡದಲ್ಲಿ ಕಂಪನಿಯ ಟ್ರೇನಿಂಗ್ ಎಂದು ಹೇಳಿದೆ. "ರವಿವಾರನೂ ಟ್ರೇನಿಂಗ ಏನೋ? ಹೋದಾಂವ ದುರ್ಗಮ್ಮನ ಗುಡಿಗೆ ಹೋಗಿ ಕುಂಕುಮ ತಗೊಂಬಾ" ಎಂದಳು. ಬೆಳಗಿನ ರೈಲು ಹಿಡಿದು ವಿಜಯವಾಡದಲ್ಲಿ ಇಳಿದಾಗ ಬಿಸಿಲು ಒದೆಯುತ್ತಿತ್ತು. ಸ್ಟೇಷನ್ನಿನಿಂದ ಪಟಮಟದ ತನಕ ಸಿಟಿ ಬಸ್ಸು. ದಾರಿಯಲ್ಲಿ ಎಷ್ಟು ವೈನ್‌ಶಾಪ್ ಬಂದವು ಎಂದು ಕಣ್ಣು ತಾನಾಗಿಯೇ ನೋಡಿಕೊಳ್ಳುತ್ತಿತ್ತು. ಒಂದು ಕಡೆ ಬಸ್ಸು ನಿಂತಾಗ ಕಾಲು ಇಳಿಯಲು ಮುಂದಾಯಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿ ಮಡಿಲ ತುಂಬ ತರಕಾರಿ ಚೀಲ ಇಟ್ಟುಕೊಂಡಿದ್ದಳು, ಆಕೆ ಸರಿಯಲಿಲ್ಲ. ಆಕೆಗೆ ನನ್ನ ಅನಂತ ನಮಸ್ಕಾರ.

ಹೇಳಿದ ಬೀದಿಯಲ್ಲಿ ಬೋರ್ಡೂ ಇಲ್ಲ, ಬಾಣದ ಗುರುತೂ ಇಲ್ಲ. ಮೂಲೆಯಲ್ಲಿ ಪುನುಗು ಎಂಬ ಸಣ್ಣ ಬೋಂಡಾ ಕರಿಯುತ್ತಿದ್ದ ಹೆಂಗಸನ್ನು, ಇಲ್ಲಿ ಮೀಟಿಂಗ್ ಎಲ್ಲಿ ನಡೆಯುತ್ತದೆ ಎಂದು ಕೇಳಿದೆ.

"ಏ ಮೀಟಿಂಗ್ ಬಾಬೂ? ಪಾರ್ಟೀದಾ, ಚೀಟೀದಾ?"

ಚೀಟಿ ವ್ಯವಹಾರದ್ದೇ ಎಂದು ಗಂಭೀರವಾಗಿ ಹೇಳಿದೆ. ಆಕೆ ಜಾಲರಿ ಎತ್ತಿ ಹಿಡಿದು, ಎಣ್ಣೆ ಸೋರಲು ಬಿಟ್ಟು, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಇಡೀ ಬೀದಿಗೆ ಕೇಳುವಂತೆ, "ಓ, ಮಂದು ಮಾನೇಸಿನವಾಳ್ಳದಾ? ಪೈಕಿ ವೆಳ್ಳು!" ಎಂದಳು. ಕುಡಿತ ಬಿಟ್ಟವರದ್ದಾ, ಮೇಲೆ ಹೋಗು. ನೂರಾರು ಮೈಲಿ ದೂರದಿಂದ ಗುಟ್ಟಾಗಿ ಬಂದವನ ಗುಟ್ಟು ಅಲ್ಲೇ ಬಾಣಲೆಗೆ ಬಿತ್ತು.

ಮೇಲೆ ಒಂದು ಟ್ಯೂಷನ್ ಕೋಣೆ. ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಬಾಗಿಲ ಪಕ್ಕದಲ್ಲಿ ಒಬ್ಬರು ನನಗೆ ಬೆನ್ನು ಮಾಡಿ, ಅಲ್ಯುಮಿನಿಯಂ ಪಾತ್ರೆಯಿಂದ ಪೇಪರ್ ಲೋಟಗಳಿಗೆ ಚಹಾ ಬಗ್ಗಿಸುತ್ತಿದ್ದರು. ತಿರುಗಿ, ಲೋಟವೊಂದನ್ನು ನನ್ನ ಕಡೆ ಚಾಚಿದರು.

ದೇಶಪಾಂಡೆ ಸರ್.

ಹೌದು ಮಾಮಾ. ನಮ್ಮ ಬಾರ್ಲಿ ನೀರು. ವೇದಿಕೆಯ ಮೇಲೆ ಹಾರ ಹಾಕಿಸಿಕೊಳ್ಳುವ ಮನುಷ್ಯ, ತೋಳು ಮಡಿಚಿಕೊಂಡು, ಹಣೆಯ ಬೆವರು ಒರೆಸಿಕೊಳ್ಳುತ್ತ ಚಹಾ ಹಂಚುತ್ತಿದ್ದರು. ನನ್ನನ್ನು ನೋಡಿ ಅವರ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅಪರಿಚಿತನಿಗೆ ಹೇಳುವಂತೆ ತೆಲುಗಿನಲ್ಲಿ, "ಟೀ ತೀಸುಕೋಂಡಿ" ಎಂದರು. ನಾನೂ "ಥ್ಯಾಂಕ್ಸಂಡಿ" ಎಂದೆ. ಗದಗಿನವನೂ ಧಾರವಾಡದವರೂ ತೆಲುಗು ಮಾತಾಡಿಕೊಂಡು, ಹಿಂದೆಂದೂ ನೋಡಿಲ್ಲ ಎಂಬಂತೆ ಎದುರುಬದುರು ಕೂತೆವು. ಅಲ್ಲಿ ಕಂಡದ್ದು ಅಲ್ಲಿಗೇ ಎಂಬ ನಿಯಮವಂತೆ. ನನಗೆ ನಗು ಒತ್ತಿಕೊಂಡು ಬಂತು. ಮೊದಲು ನೆನಪಾದದ್ದು ನೀನು. ಇದನ್ನು ನಿನಗೆ ಹೇಳಬೇಕಲ್ಲ, ಎಂಥ ಸುದ್ದಿ, ಮನೆಗೆ ಹೋದ ಕೂಡಲೇ…

ಅಲ್ಲಿ ಇನ್ನೊಂದು ನಿಯಮವಿದೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು. ಮುಗಿದ ಮೇಲೂ ಬುದ್ಧಿ ಹೇಳಬಾರದು. ಕೇಳಿ, ಥ್ಯಾಂಕ್ಸ್ ಹೇಳಿ, ಅಷ್ಟೇ. ನಮ್ಮಲ್ಲಿ ಒಬ್ಬ ಕೆಮ್ಮಿದರೆ ಹತ್ತು ಮಂದಿ ಕಷಾಯ ಹೇಳುತ್ತಾರೆ. ಅಲ್ಲಿ ಅದೇ ಊರಿನ ಒನ್ ಟೌನ್ ಪೇಟೆಯ ಬಟ್ಟೆ ವ್ಯಾಪಾರಿಯೊಬ್ಬ, ತನ್ನ ಮಗಳ ಮದುವೆಯ ದಿನ ಮಂಟಪದ ಹಿಂದೆ ಬಿದ್ದಿದ್ದೆ, ಕನ್ಯಾದಾನಕ್ಕೆ ನನ್ನ ತಮ್ಮನನ್ನು ಕೂಡಿಸಿದರು ಎಂದು ಹೇಳಿದ. ಯಾರೂ ಲೊಚಗುಟ್ಟಲಿಲ್ಲ. ಥ್ಯಾಂಕ್ಸ್ ಎಂದರು. ಅವನು ಕೂತ.

ಆಮೇಲೆ ದೇಶಪಾಂಡೆ ಸರ್ ಎದ್ದರು. ಧಾರವಾಡದ ತೆಲುಗಿನಲ್ಲಿ, ಎಲ್ಲರ ಹಾಗೆಯೇ ಹೆಸರು ಹೇಳಿ, ನಾನು ಕುಡುಕ ಎಂದರು. ಎಷ್ಟೋ ವರ್ಷಗಳಿಂದ ಇಲ್ಲಿಗೆ ಬರುತ್ತಿದ್ದೇನೆ, ನಮ್ಮೂರಿನಲ್ಲಿ ಯಾರಿಗೂ ಗೊತ್ತಾಗಬಾರದು ಎಂದು ಇಷ್ಟು ದೂರ ಬರುತ್ತೇನೆ ಎಂದರು. ನಮ್ಮೂರಿನಲ್ಲಿ ಒಬ್ಬ ಗೆಳೆಯನಿದ್ದ, ನನ್ನ ಮನೆಯಿಂದ ಎರಡು ಬೀದಿ ಆಚೆ. ಅವನು ಮುಳುಗುತ್ತಿದ್ದುದು ಕಾಣುತ್ತಿತ್ತು. ಎಲ್ಲರ ಎದುರಿಗೆ ಅವನಿಗೆ ಶಿಸ್ತಿನ ಭಾಷಣ ಮಾಡಿದೆ. ನಿಜ ಹೇಳಿದ್ದು ಒಂದೇ ಸಲ, ರಾಜ್ಯೋತ್ಸವದ ದಿನ ವೇದಿಕೆಯ ಹಿಂದೆ, ಪರದೆ ಏಳುವ ಮುಂಚೆ ಗಡಿಬಿಡಿಯಲ್ಲಿ. ನಾನೂ ನಿನ್ನಂಥವನೇ, ನನ್ನ ಜೊತೆ ಬಾ ಎಂದೆ. ಅವನು ಸೆಲ್ಯೂಟ್ ಹೊಡೆದು, "ನಿಮಗ ಸಾಕಾಗೇತಿ, ಬಿಟ್ಟೀರಿ ಸರ್. ನನ್ನ ಕೋಟಾ ಇನ್ನೂ ಬಾಕಿ ಐತಿ" ಎಂದ. ಇಬ್ಬರೂ ನಕ್ಕೆವು. ಅವನು ನಕ್ಕದ್ದು ನನಗೆ ಹಗುರಾಯಿತು. ಮತ್ತೆ ಕೇಳಲಿಲ್ಲ. ಅವನು ಹೋದ.

ಆ ಕೋಟಾದ ಮಾತೊಂದನ್ನು ಅವರು ಕನ್ನಡದಲ್ಲೇ ಹೇಳಿದ್ದರು ಮಾಮಾ. ನಿನ್ನ ದನಿಯಲ್ಲಿ.

ನಾನು ಎದ್ದು ನಿಂತುಬಿಟ್ಟಿದ್ದೆ. "ಒಮ್ಮೆ ಹೇಳಿದ್ರ ಆಗ್ತೈತೇನ್ರೀ ಸರ್? ಒಮ್ಮೆ ಹೇಳಿ ನಕ್ಕೊಂಡು ಹೋಗೂದೇನು? ಎಳಕೊಂಡು ಬರಬೇಕಿತ್ತು! ಕುತ್ತಿಗಿ ಹಿಡಿದು ಎಳಕೊಂಡು ಬರಬೇಕಿತ್ತು!" ಕೋಣೆಯಲ್ಲಿ ಅದು ಅರ್ಥವಾದದ್ದು ಒಬ್ಬರಿಗೇ. ಅವರು ತಲೆ ತಗ್ಗಿಸಿ ನಿಂತರು, ನಿಯಮದ ಪ್ರಕಾರ ಉತ್ತರ ಕೊಡಲಿಲ್ಲ. ಸಭೆ ನಡೆಸುತ್ತಿದ್ದ ಹಿರಿಯರು, "ಮೀ ವಂತು ವಸ್ತುಂದಿ ಬಾಬೂ" ಎಂದರು, ನಿಮ್ಮ ಸರದಿ ಬರುತ್ತದೆ ಎಂದು. ಬೈದರೆ ತಿರುಗಿ ಬೈಯಬೇಕು ಮಾಮಾ. ಅದು ಮನುಷ್ಯರ ರೀತಿ. ಇಷ್ಟೊಂದು ಸಿಟ್ಟನ್ನು ಹೊತ್ತುಕೊಂಡು ಹೋದವನಿಗೆ ಇಳಿಸಲಿಕ್ಕೆ ಒಂದು ಕಟ್ಟೆಯೂ ಇಲ್ಲದ ಜಾಗ ಅದು. ನನ್ನ ಸರದಿ ಬಂತು. ಮಾತಾಡಿದೆ. ಕೂತೆ.

ಸಭೆ ಮುಗಿದ ಮೇಲೆ ದೇಶಪಾಂಡೆ ಸರ್ ಮೆಟ್ಟಿಲ ಮೇಲೆ ಪಾತ್ರೆ ಹಿಡಿದುಕೊಂಡು ನನಗಾಗಿ ಕಾಯುತ್ತಿದ್ದರು.

"ಬೈಯಪಾ ಈಗ. ಮೆಟ್ಟಿಲ ಮ್ಯಾಲೆ ರೂಲ್ಸ ಇಲ್ಲ."

"ಗಾಜುವಾಕದಾಗನ ಮೀಟಿಂಗ ಐತಲ್ರಿ ಸರ್. ಇಲ್ಲೀತನ ಯಾಕ ಬರ್ತೀರಿ?"

"ನೀ ಯಾಕ ಬಂದಿ?"

ಎರಡು ಮೆಟ್ಟಿಲು ಇಳಿದು ಅಂದೆ, "ನೀವು ಅಲ್ಲೇ ಹೋಗ್ತಿದ್ರ, ಮಾಮ ನಿಮ್ಮನ್ನ ನೋಡಿಯಾದ್ರೂ ಬರ್ತಿದ್ದ."

"ಹೂಂ. ಚಾ ಸೋಸುವಾಗೆಲ್ಲ ಅದನ್ನ ವಿಚಾರ ಮಾಡ್ತೀನಿ." ಪಾತ್ರೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಅಂದರು, "ನನಗ ಬಾರ್ಲಿ ನೀರು ಅಂತ ಹೆಸರಿಟ್ಟಿದ್ದು ಗೊತ್ತೈತಿ ಬಿಡು. ಇಡೀ ಬಳಗಕ್ಕ ಗೊತ್ತಿತ್ತು. ಆದ್ರ ನಾ ಬಾರ್ಲಿ ನೀರು ಯಾಕ ಕುಡೀತೀನಿ ಅಂತ ಅವಗ ಗೊತ್ತಿತ್ತಲ್ಲ, ಅದನ್ನ ಯಾರಿಗೂ ಹೇಳ್ಲಿಲ್ಲ. ಎಷ್ಟು ಕುಡದಾಗೂ ಹೇಳ್ಲಿಲ್ಲ. ನಿನಗ ಹೇಳಿದ್ನೇನು?"

ಇಲ್ಲ. ಹೇಳಿರಲಿಲ್ಲ.

ಈಗ ಗೊತ್ತಾಯಿತೇ ನನ್ನ ಸಿಟ್ಟು ಎಲ್ಲಿ ಹುಟ್ಟಿತು ಎಂದು? ನಿನಗೆ ಬಾಗಿಲು ಗೊತ್ತಿತ್ತು. ಕರೆದುಕೊಂಡು ಹೋಗುವವರು ಗೊತ್ತಿದ್ದರು. ಕುಡಿತ ಬಿಟ್ಟು ಬದುಕಿರುವ ಮನುಷ್ಯನೊಬ್ಬ ಎರಡು ಬೀದಿ ಆಚೆ ಇದ್ದಾನೆಂದು ಗೊತ್ತಿತ್ತು. ಆ ಮನುಷ್ಯನಿಗೊಂದು ಅಡ್ಡಹೆಸರಿಟ್ಟು, ದಿನಾ ಸಂಜೆ ಅವನನ್ನು ಅಣಕಿಸಿ ನನ್ನನ್ನು ನಗಿಸಿದೆ. ಅವರ ಗುಟ್ಟನ್ನು ಅಷ್ಟು ಜೋಪಾನವಾಗಿ ಕಾಪಾಡಿದವನಿಗೆ ತನ್ನ ಲಿವರನ್ನು ಕಾಪಾಡಿಕೊಳ್ಳಲಿಕ್ಕೆ ಆಗಲಿಲ್ಲವೇ? ಅವರ ಮಾನ ಉಳಿಸಿದೆ. ನಿನ್ನ ಅಕ್ಕನ ತಮ್ಮನನ್ನು ಉಳಿಸಲಿಲ್ಲ. ಆಸ್ಪತ್ರೆಯ ಕೊನೆಯ ದಿನಗಳಲ್ಲಿ ನಿನ್ನ ಹೊಟ್ಟೆ ಊದಿ, ನೀನು ನರ್ಸಿಗೆ "ಅವಳಿ ಮಕ್ಕಳು" ಎಂದು ಹೇಳಿ ನಗಿಸಿದಾಗ ಅವ್ವ ಹೊರಗೆ ಬೆಂಚಿನ ಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಕೂತಿದ್ದಳು. ನಿನಗೆ ಕಾಣಲಿಲ್ಲ. ನನಗೆ ಕಂಡಿತ್ತು. ಒಮ್ಮೆಯಾದರೂ, ಒಂದೇ ಒಂದು ಸಲ, "ಅಳಿಯಾ, ನನಗ ಅಂಜಿಕಿ ಆಗ್ತೈತಿ" ಎಂದು ಹೇಳಿದ್ದರೆ ನಿನ್ನದೇನು ಹೋಗುತ್ತಿತ್ತು?

ಹಿಂದಿರುಗುವಾಗ ದೇಶಪಾಂಡೆ ಸರ್ ಮತ್ತು ನಾನು ಒಂದೇ ರೈಲಿಗೆ ಬಂದೆವು, ಬೇರೆ ಬೇರೆ ಡಬ್ಬಿಯಲ್ಲಿ. ವಿಶಾಖಪಟ್ಟಣದ ಪ್ಲಾಟ್‌ಫಾರ್ಮಿನಲ್ಲಿ ಎದುರಾದಾಗ ಅವರು ಕಾರ್ಯದರ್ಶಿಯ ದನಿ ತೆಗೆದು, "ಏನಪಾ ಮಂಜುನಾಥ, ಎಲ್ಲಿಂದ ಬಂದಿ?" ಎಂದರು. ಟ್ರೇನಿಂಗ್ ಇತ್ತು ಎಂದೆ. "ನನಗೊಂದು ಮದುವಿ ಇತ್ತು" ಎಂದರು. ಅಲ್ಲಿ ನಿಂತಿದ್ದ ಬಳಗದ ಒಬ್ಬರು ನಮ್ಮಿಬ್ಬರನ್ನೂ ನೋಡಿ ನಮಸ್ಕಾರ ಮಾಡಿದರು. ನೀನು ಇದ್ದಿದ್ದರೆ ಇದಕ್ಕೆ ಎಷ್ಟು ದಿನ ನಗುತ್ತಿದ್ದೆಯೋ. ಇಲ್ಲವಲ್ಲ. ಅದಕ್ಕೇ ಸಿಟ್ಟು.

ಆದ್ದರಿಂದ ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ತಾರಸಿಯ ನೌಕೆಯಿಂದ ನಾನು ರಾಜೀನಾಮೆ ಕೊಟ್ಟಿದ್ದೇನೆ. ನಿನ್ನ ಕುರ್ಚಿಯನ್ನು ಕೆಳಗಿನ ಮನೆಯವರಿಗೆ ಕೊಟ್ಟೆ, ಅವರ ಮುದುಕಿ ಅದರ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಾಳೆ. ರವಿವಾರದಿಂದ ಈಚೆಗೆ ಕುಡಿದಿಲ್ಲ. ಕೈ ನಡುಗುತ್ತದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ನಾಳೆ ಡಾಕ್ಟರಮ್ಮನ ಹತ್ತಿರ ಹೋಗಿ ನಡುಕಕ್ಕೆ ಔಷಧಿ ಕೇಳುತ್ತೇನೆ, ಜೋಕಿಲ್ಲದೆ ಕೇಳುತ್ತೇನೆ. ಅವ್ವನಿಗೂ ಹೇಳುತ್ತೇನೆ, ಸ್ವಲ್ಪ ಧೈರ್ಯ ಬರಲಿ. ನಾನು ನಿನ್ನಂಥವನಲ್ಲ ಮಾಮಾ. ನೀನು ಹತ್ತದ ಮೆಟ್ಟಿಲನ್ನು ನಾನು ಹತ್ತಿದೆ. ಆ ಕುರ್ಚಿಯಲ್ಲಿ ಕೂತೆ. ಸರದಿ ಬಂದಾಗ ಎದ್ದು ನಿಂತೆ.

ನಿಂತು ಏನು ಹೇಳಿದೆ ಎಂದು ಬರೆಯಲಿಲ್ಲ, ಅಲ್ಲವೇ? ಹೆಸರು ಹೇಳಿದೆ. ಆಮೇಲೆ, ನಮ್ಮ ಮಾಮ ವಿಪರೀತ ಕುಡಿಯುತ್ತಾರೆ, ಅವರ ಸಲುವಾಗಿ ವಿಚಾರಿಸಿಕೊಂಡು ಹೋಗಲು ಬಂದಿದ್ದೇನೆ ಎಂದೆ. ದೇಶಪಾಂಡೆ ಸರ್ ಪಾತ್ರೆಯ ತಳವನ್ನೇ ನೋಡುತ್ತ ಕೂತರು. ಹಿರಿಯರು ಥ್ಯಾಂಕ್ಸ್ ಹೇಳಿ, ಮುಂದಿನ ರವಿವಾರ ಅವರನ್ನೂ ಕರೆದುಕೊಂಡು ಬನ್ನಿ ಬಾಬೂ ಎಂದರು. ಬರುತ್ತಾರೆ ಎಂದು ಹೇಳಿ ಬಂದಿದ್ದೇನೆ.